ಸ್ವಂತ ಹಸುವಿಗೆ ಬೆಳೆದ ಗೋಧಿಗೂ ದಂಡ

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಮೇವಿನ ಬೆಳೆಗಳ ಬಗ್ಗೆ ವಿಸ್ತರಣಾಧಿಕಾರಿಗಳು ಬೆಳಿಗ್ಗೆಯೇ ವಿವರವಾಗಿ ತಿಳಿಸಿದ್ದಾರೆ. ನಾನು ಒಬ್ಬ ಹೈನುಗಾರನ ಮೊಕದ್ದಮೆಯ ವಿಷಯ ಹೇಳುತ್ತೇನೆ. ಹೆಸರು ರಾಸ್ಕೋ ಫಿಲ್ಬರ್ನ್, ಅಮೆರಿಕದ ಓಹಿಯೋ ರಾಜ್ಯದವನು. ನಮ್ಮ ಹಾಗೆಯೇ ಹಸು ಸಾಕಿ ಹಾಲು ಮಾರುತ್ತಿದ್ದ, ಕೋಳಿಯೂ ಇತ್ತು. ಸ್ವಲ್ಪ ಗೋಧಿ ಬಿತ್ತಿ, ಒಂದಿಷ್ಟು ಮಾರಿ, ಮಿಕ್ಕಿದ್ದನ್ನು ಹಸು, ಕೋಳಿಗೆ, ಮನೆಯ ಹಿಟ್ಟಿಗೆ, ಬೀಜಕ್ಕೆ ಇಟ್ಟುಕೊಳ್ಳುತ್ತಿದ್ದ.

ಆಗ ಅಲ್ಲಿ ಗೋಧಿ ವಿಪರೀತವಾಗಿ ಧಾರಣೆ ಕುಸಿದಿತ್ತು. 1938ರ ಕಾಯ್ದೆಯಂತೆ ಪ್ರತಿ ರೈತ ಎಷ್ಟು ಎಕರೆ ಗೋಧಿ ಬೆಳೆಯಬಹುದೆಂದು ಸರ್ಕಾರವೇ ಗೊತ್ತುಮಾಡುತ್ತಿತ್ತು. 1941ರ ಬೆಳೆಗೆ ಫಿಲ್ಬರ್ನ್‌ಗೆ ಸಿಕ್ಕಿದ್ದು 11.1 ಎಕರೆ, ಅಂದರೆ 11 ಎಕರೆ 4 ಗುಂಟೆ. ಅವನು ಬಿತ್ತಿದ್ದು 23 ಎಕರೆ. ಹೆಚ್ಚುವರಿ ಜಮೀನಿನಲ್ಲಿ ಬಂದ ಗೋಧಿ 239 ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 65 ಕ್ವಿಂಟಾಲ್. ಬುಷೆಲಿಗೆ 49 ಸೆಂಟಿನಂತೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಎಕರೆಯ ಮಿತಿ ಅವನಿಗೆ ಮೊದಲೇ ತಿಳಿದಿತ್ತು, ನಿಜ. ಆದರೆ ದಂಡದ ದರವನ್ನು ಏರಿಸಿದ್ದು 1941ರ ಮೇ ತಿಂಗಳಲ್ಲಿ, ಪೈರು ಹೊಲದಲ್ಲಿ ನಿಂತಿದ್ದಾಗ. ಇದು ಮಾತ್ರ ನನಗೆ ಇಂದಿಗೂ ಸರಿಕಾಣುವುದಿಲ್ಲ.

ನನ್ನ ಹೊಲದಲ್ಲಿ ಬೆಳೆದು ನನ್ನ ಹಸುವಿಗೆ ತಿನ್ನಿಸಿದ ಕಾಳಿಗೂ ಸರ್ಕಾರಕ್ಕೂ ಏನು ಸಂಬಂಧ ಎಂಬುದು ಅವನ ವಾದ. ನಾವಾದರೂ ಅದನ್ನೇ ಕೇಳುತ್ತಿದ್ದೆವು. 1942ರ ನವೆಂಬರ್ 9ರಂದು ಸುಪ್ರೀಂ ಕೋರ್ಟು ಅವನ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್. ಸ್ವಂತ ಗೋಧಿ ತಿನ್ನಿಸಿದವನು ಪೇಟೆಯಲ್ಲಿ ಕೊಳ್ಳುವುದಿಲ್ಲ. ಒಬ್ಬನಿಂದ ಏನೂ ಆಗದಿದ್ದರೂ ಅಂಥವರೆಲ್ಲ ಸೇರಿದರೆ ಧಾರಣೆಯೇ ಅಲುಗುತ್ತದೆ ಎಂಬುದು ಅದರ ಸಾರ. ಒಂದು ಮನೆಯ ಅರ್ಧ ಲೀಟರ್ ಡೇರಿಗೆ ಬಾರದಿದ್ದರೆ ಗೊತ್ತಾಗುವುದಿಲ್ಲ, ಊರಿಗೆ ಊರೇ ಹಾಗೆ ಮಾಡಿದರೆ ಕ್ಯಾನು ತುಂಬುವುದಿಲ್ಲ, ಅಲ್ಲವೇ?

ಇನ್ನೊಂದು ಮುಖವೂ ಇದೆ. ಆ ವರ್ಷ ಹೊರದೇಶಗಳ ಪೇಟೆಯಲ್ಲಿ ಬುಷೆಲಿಗೆ ಸುಮಾರು 40 ಸೆಂಟ್ ಇದ್ದಾಗ, ಅಮೆರಿಕದ ರೈತನಿಗೆ ಸರ್ಕಾರದ ಬೆಂಬಲದಿಂದ 1 ಡಾಲರ್ 16 ಸೆಂಟ್ ಸಿಗುತ್ತಿತ್ತು. ಮಿತಿ ಬೇಕೆಂದು 1941ರಲ್ಲಿ ಶೇಕಡಾ 81ರಷ್ಟು ಗೋಧಿ ಬೆಳೆಗಾರರೇ ಮತ ಹಾಕಿದ್ದರು. 1963ರಲ್ಲಿ ಮತ್ತೆ ಮತಕ್ಕೆ ಹಾಕಿದಾಗ ಬೇಕಾದಷ್ಟು ಒಪ್ಪಿಗೆ ಸಿಗದೆ ಆ ಯೋಜನೆ ಬಿದ್ದುಹೋಯಿತು.

ಇದು ಗೋಧಿಯ ಕಥೆ, ನಮಗೇಕೆ ಎನ್ನಬೇಡಿ. ಬೆಣ್ಣೆ, ಹಾಲಿನ ಪುಡಿ ಗೋದಾಮುಗಳಲ್ಲಿ ರಾಶಿ ಬಿದ್ದಾಗ ಯುರೋಪಿನ ದೇಶಗಳು 1984ರಲ್ಲಿ ಹಾಲಿಗೇ ಮಿತಿ ಹಾಕಿದವು. ಅದು ತೆಗೆದುಹೋದದ್ದು 2015ರಲ್ಲಿ. ಅಲ್ಲಿಯವರೆಗೆ ದೇಶದ ಕೋಟಾ ಮೀರಿದ ಹಾಲಿಗೆ ದಂಡ ತೆರಬೇಕಿತ್ತು. ಕರು ಹಾಕಿ, ಹಾಲು ಏರುವ ಹೊತ್ತಿಗೆ ಆ ರೈತನ ಮನಸ್ಸು ಹೇಗಿರಬೇಕು ಎಂಬುದು ಕರೆಯುವವರಿಗೇ ಗೊತ್ತು.

ಊಟದ ಹೊತ್ತಾಯಿತು. ಪ್ರಶ್ನೆಗಳಿದ್ದರೆ ಕೇಳಿ.