ಸಂಜೆಯಾದರೆ ಇಂಟರ್‌ನೆಟ್ ಏಕೆ ತೆವಳುತ್ತದೆ?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗಿಂತ ಮೊದಲು ಮಾತನಾಡಿದವರು ಶಿಕ್ಷಣದ ಮಹತ್ವದ ಬಗ್ಗೆ ತಿಳಿಸಿದ್ದಾರೆ. ನಾನು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇನೆ. ಆದರೆ ಈ ಸಣ್ಣ ವಿಷಯದಿಂದಲೇ ನಮ್ಮ ಮನೆಗೆ ಒಂದು ವರ್ಷದ ವಿದ್ಯಾರ್ಥಿವೇತನ ತಪ್ಪಿತು.

ಅಂದು ಅರ್ಜಿ ಸಲ್ಲಿಸಲು ಕೊನೆಯ ದಿನ. ರಾತ್ರಿ 9 ಗಂಟೆಗೆ ಮಗಳು ಅಂಕಪಟ್ಟಿಯ ಪ್ರತಿಯನ್ನು ಕಳುಹಿಸಲು ಕುಳಿತಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಮಗನನ್ನು ನಾನು ಬೈದೆ, "ನೀನು ಸಿನಿಮಾ ಇಳಿಸುತ್ತಿದ್ದೀಯ" ಎಂದೆ. ಅವನು ಪುಸ್ತಕ ಹಿಡಿದು ಕುಳಿತಿದ್ದ. 12 ಗಂಟೆಗೆ ಗಡುವು ಮುಗಿಯಿತು. ಮರುದಿನ ಕೇಬಲ್‌ನವನನ್ನೂ ಬೈದೆ. ಪರೀಕ್ಷಿಸಿ ನೋಡಿದ್ದು ಅದಕ್ಕೂ ನಂತರ. ಆ ಪರೀಕ್ಷೆಯನ್ನೇ ಇಂದು ನಿಮಗೆ ಹೇಳಿಕೊಡುತ್ತೇನೆ.

ಮೊದಲು ಕಾರಣ ತಿಳಿಯೋಣ. ಟಿ.ವಿ. ಬರುವ ಕೇಬಲ್‌ನಲ್ಲೇ ಇಂಟರ್‌ನೆಟ್ ಬಂದಾಗ ಇಡೀ ಬೀದಿಯ ಮನೆಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತವೆ. ಹಳೆಯ ಪದ್ಧತಿಯಲ್ಲಿ 6 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಮಾತ್ರ ಹೊರುತ್ತದೆ. ತಲಾ 10 ಮೆಗಾಬಿಟ್ ಪಡೆದ ನಾಲ್ಕು ಮನೆಯವರು ಒಟ್ಟಿಗೆ ಪೂರ್ಣ ವೇಗದಲ್ಲಿ ಬಳಸಿದರೆ ಅದು ತುಂಬಿಹೋಗುತ್ತದೆ. ಹೊಸ ಪದ್ಧತಿಯಲ್ಲಿ ಹಲವು ಚಾನೆಲ್‌ಗಳನ್ನು ಕೂಡಿಸುತ್ತಾರೆ, ಆದರೂ ಹಂಚಿಕೆ ತಪ್ಪುವುದಿಲ್ಲ. ಸಂಜೆ ನಲ್ಲಿ ನೀರಿನ ಕತೆಯೂ ಇದೇ ತಾನೆ? ಎಲ್ಲರೂ ಒಟ್ಟಿಗೆ ತಿರುವಿದರೆ ಧಾರೆ ಸಣ್ಣದಾಗುತ್ತದೆ.

ಇನ್ನೊಂದು ಮಾತು. ಮನೆಯಿಂದ ಹೊರಗೆ ಕಳುಹಿಸುವ ದಾರಿ ಒಳಗೆ ಬರುವ ದಾರಿಗಿಂತ ಬಹಳ ಕಿರಿದು. ಸಾಮಾನ್ಯ ಕೇಬಲ್ ಜಾಲದಲ್ಲಿ ಕೆಳಗಿನ ಒಂದು ಸಣ್ಣ ಪಟ್ಟಿಯನ್ನಷ್ಟೇ ಅದಕ್ಕೆ ಬಿಟ್ಟಿರುತ್ತಾರೆ. ಆದ್ದರಿಂದ ವಿಡಿಯೋ ಓಡುತ್ತಿದ್ದರೂ ಅರ್ಜಿ ಹೋಗದೆ ನಿಲ್ಲಬಹುದು.

ಈಗ ಪರೀಕ್ಷೆಗೆ ಬನ್ನಿ.

ಒಂದು: ವೈಫೈ ಬಿಟ್ಟು, ಕಂಪ್ಯೂಟರನ್ನು ತಂತಿಯ ಮೂಲಕ ರೌಟರಿಗೆ ಜೋಡಿಸಿ ವೇಗ ಅಳೆಯಿರಿ. ತಂತಿಯಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ನಿಧಾನವಾದರೆ ದೋಷ ಮನೆಯೊಳಗಿದೆ. ಕಬ್ಬಿಣದ ಬೀರುವಿನ ಹಿಂದಿರುವ ರೌಟರನ್ನು ಹೊರಗೆ, ಎತ್ತರದಲ್ಲಿಡಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಒಂದಕ್ಕೊಂದು ತಾಗುವುದಿಲ್ಲ. ನೆರೆಯವರು ಬಳಸದ್ದನ್ನು ಆರಿಸಿಕೊಳ್ಳಿ.

ಎರಡು: ಮನೆಯ ಎಲ್ಲ ಫೋನುಗಳನ್ನು ವೈಫೈನಿಂದ ತೆಗೆದು ಮತ್ತೆ ಅಳೆಯಿರಿ. ಫೋಟೋಗಳು ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದರೆ ಆ ಕಿರಿದಾದ ದಾರಿ ಅಲ್ಲೇ ಮುಚ್ಚಿಹೋಗುತ್ತದೆ.

ಮೂರು: ಇದೇ ಅಳತೆಯನ್ನು ಬೆಳಗಿನ 5 ಗಂಟೆಗೂ ರಾತ್ರಿ 9 ಗಂಟೆಗೂ, ಏಳು ದಿನ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡೂ ಹೊತ್ತು ನಿಧಾನವಾದರೆ ಸಡಿಲವಾದ ಅಥವಾ ತುಕ್ಕು ಹಿಡಿದ ಕನೆಕ್ಟರ್, ಬೇಡದ ಸ್ಪ್ಲಿಟರ್ ಇದೆಯೇ ನೋಡಿ. ಎರಡು ದಾರಿಯ ಒಂದು ಸ್ಪ್ಲಿಟರ್ ಸಿಗ್ನಲ್ ಬಲವನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬಿದ್ದರೆ ಬೀದಿಯ ತಂತಿ ಅಥವಾ ಕಂಪನಿಯ ಮುಂದಿನ ಜಾಲ ತುಂಬಿದೆ ಎಂದೇ ತಿಳಿಯಿರಿ. ಅದನ್ನು ಕಂಪನಿಯೇ ಸರಿಪಡಿಸಬೇಕು. ಹೊಸ ರೌಟರಿಗೆ ಹಣ ಸುರಿಯಬೇಡಿ.

ಅಳೆಯುವಾಗ ಒಂದು ಎಚ್ಚರಿಕೆ. 8 ಬಿಟ್‌ಗೆ ಒಂದು ಬೈಟ್. 10 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 1.25 ಮೆಗಾಬೈಟ್ ಇಳಿದರೆ ಅದು ಮೋಸವಲ್ಲ, ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ಮನೆಯಲ್ಲಿ ಸಿಕ್ಕ ಉತ್ತರ ಏನು ಗೊತ್ತೇ? ರಾತ್ರಿ ಬೀದಿಯ ತಂತಿ ತುಂಬುತ್ತಿದ್ದುದು ನಿಜ. ಆದರೆ ಉಳಿದಿದ್ದ ದಾರಿಯನ್ನು ಮುಚ್ಚಿದ್ದು ನನ್ನದೇ ಫೋನು. ಮದುವೆಯೊಂದರ ನೂರಾರು ಫೋಟೋಗಳನ್ನು ಅದು ಆ ರಾತ್ರಿಯೆಲ್ಲಾ ಮೇಲಕ್ಕೆ ಕಳುಹಿಸುತ್ತಿತ್ತು. ಮಗನ ಮುಂದೆ ನಾನು ತಲೆತಗ್ಗಿಸಬೇಕಾಯಿತು.

ಏಳು ದಿನದ ಬರಹ ಹಿಡಿದು ಹೋದಾಗ ಕೇಬಲ್‌ನವರೂ ವಾದ ಮಾಡಲಿಲ್ಲ. ಕೆಲವು ವಾರಗಳಲ್ಲಿ ನಮ್ಮ ಬೀದಿಯ ಮನೆಗಳನ್ನು ಎರಡು ಭಾಗ ಮಾಡಿ ಬೇರೆ ಬೇರೆ ತಂತಿಗೆ ಜೋಡಿಸಿದರು. ನಿಮ್ಮ ಕಡೆ ಒಪ್ಪದಿದ್ದರೆ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳು ದೂರಿಗೆ ಸಂಖ್ಯೆ ಕೊಡಬೇಕೆಂದೂ, ತೃಪ್ತಿಯಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದೆಂದೂ ಹೇಳಿವೆ. ಬಾಯಿಮಾತಿನ ಸಿಟ್ಟಿಗಿಂತ ಬರೆದಿಟ್ಟ ಲೆಕ್ಕಕ್ಕೆ ಬೆಲೆ ಹೆಚ್ಚು.

ವಿದ್ಯಾರ್ಥಿಗಳೇ, ಅರ್ಜಿಯನ್ನು ಕೊನೆಯ ದಿನಕ್ಕೆ ಇಡಬೇಡಿ. ಕಳುಹಿಸುವ ಕೆಲಸವನ್ನು ನಸುಕಿನಲ್ಲಿ ಮುಗಿಸಿರಿ. ಪೋಷಕರೇ, ಮಕ್ಕಳನ್ನು ಬೈಯುವ ಮೊದಲು ಒಮ್ಮೆ ಅಳೆದು ನೋಡಿರಿ.