ಧೂಮಪಾನ ತಡೆಯ ಸಂಘಕ್ಕೊಂದು ಯೋಜನೆ



ಪ್ರತಿ ವರ್ಷ ಮೇ 31ರಂದು ವಿಶ್ವ ತಂಬಾಕು ರಹಿತ ದಿನ ಬರುತ್ತದೆ. ಅಂದು ನಮ್ಮ ಊರುಗಳಲ್ಲಿ ಜಾಥಾ ಹೊರಡುತ್ತದೆ. ಬ್ಯಾನರು ಹಿಡಿದು, ಘೋಷಣೆ ಕೂಗಿ, ಪ್ರತಿಜ್ಞೆ ಸ್ವೀಕರಿಸಿ, ಫೋಟೋ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಆ ಜಾಥಾ ಹಾದುಹೋದ ರಸ್ತೆಯ ಪೆಟ್ಟಿಗೆ ಅಂಗಡಿಯಲ್ಲಿ ಮರುದಿನ ಎಷ್ಟು ಕಟ್ಟು ಬೀಡಿ ಮಾರಾಟವಾಯಿತು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಧೂಮಪಾನ ಕೆಟ್ಟದ್ದೆಂದು ವಾದಿಸಲು ನಾನಿಂದು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. 1950ರಲ್ಲೇ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿ ಅಂಶಗಳ ಮೂಲಕ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಇಷ್ಟು ಗೊತ್ತಿದ್ದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸ ಮಾಡಲು ಹೊರಟ ಒಂದು ಸಣ್ಣ ಸ್ವಯಂಸೇವಾ ಸಂಘ, ಇರುವ ಅಲ್ಪ ಹಣದಲ್ಲಿ, ಇರುವ ನಾಲ್ಕಾರು ಕಾರ್ಯಕರ್ತರಿಂದ ಏನು ಮಾಡಬೇಕು?

ಇದಕ್ಕೆ ಕಾರ್ಯತಂತ್ರ ಯೋಜನೆ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದಾಯಿತು. ನಮ್ಮ ರೈತ ಬಿತ್ತನೆಗೆ ಮುಂಚೆ ಜಗಲಿಯ ಮೇಲೆ ಕುಳಿತು ಹಾಕುವ ಲೆಕ್ಕವೂ ಇದೇ. ನಾಲೆಗೆ ನೀರು ಎಂದು ಬಿಡುತ್ತಾರೆ, ಯಾವ ಗದ್ದೆಗೆ ಭತ್ತ, ಯಾವುದಕ್ಕೆ ಕಬ್ಬು, ಕೂಲಿಯಾಳು ಎಷ್ಟು, ಕೈಯಲ್ಲಿರುವ ದುಡ್ಡೆಷ್ಟು ಎಂದು ಆತ ಯೋಚಿಸುತ್ತಾನೆ. ನೀರು ಸಾಲದೆಂದು ಕಂಡರೆ ಒಂದು ತಾಕನ್ನು ಬೀಳು ಬಿಡುತ್ತಾನೆ. ಬೀಳು ಬಿಡುವ ಈ ಧೈರ್ಯವೇ ನಮ್ಮ ಸಂಘಗಳಲ್ಲಿ ಕಡಿಮೆ. ಮದ್ಯಪಾನ, ಗುಟ್ಕಾ, ಪರಿಸರ, ಸಾಕ್ಷರತೆ ಎಲ್ಲವನ್ನೂ ಬೈಲಾದಲ್ಲಿ ಬರೆದುಕೊಂಡು ಯಾವುದನ್ನೂ ಮುಟ್ಟದ ಸಂಘಗಳು ಬೇಕಾದಷ್ಟಿವೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಆ ಏಳು ಮಂದಿ ಕುಳಿತು ಒಂದು ಹಾಳೆ ಯೋಜನೆ ಬರೆಯುವುದು ನೋಂದಣಿಗಿಂತ ಕಷ್ಟದ ಕೆಲಸ.

ಹಾಳೆಯ ಮೊದಲ ಸಾಲಿನಲ್ಲಿ ಬರಬೇಕಾದದ್ದು ಇಲ್ಲಿನ ಸ್ಥಿತಿ. ರಾಷ್ಟ್ರಮಟ್ಟದಲ್ಲಿ ವಯಸ್ಕರ ತಂಬಾಕು ಸಮೀಕ್ಷೆ 2009-10ರಲ್ಲಿ ಒಮ್ಮೆ, 2016-17ರಲ್ಲಿ ಮತ್ತೊಮ್ಮೆ ನಡೆಯಿತು. ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ ಈ ಅವಧಿಯಲ್ಲಿ ಶೇಕಡ 28.2ರಿಂದ 22.8ಕ್ಕೆ ಇಳಿಯಿತು. ಸಮಾಧಾನದ ಸಂಗತಿಯೇ ಸರಿ. ಇಡೀ ದೇಶದ ಲೆಕ್ಕ ನೋಡಿದರೆ ಎರಡನೆಯ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರು ಶೇಕಡ 4, ಬೀಡಿ ಸೇದುವವರು ಶೇಕಡ 7.7. ನಮ್ಮ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಮಾತ್ರ ಯಾವಾಗಲೂ ಸಿಗರೇಟಿನ ಮೇಲೇ ಕೆಂಪು ಗೀಟು! ಬೀಡಿ ಸೇದುವ ರೈತ ಆ ಚಿತ್ರ ತನ್ನದಲ್ಲವೆಂದುಕೊಂಡು ಮುಂದೆ ಹೋಗುತ್ತಾನೆ. ಬೀಡಿಯಲ್ಲಿ ಸೊಪ್ಪು ಕಡಿಮೆ, ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಅಪಾಯ ಕಡಿಮೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ತಪ್ಪು. ಬೀಡಿ ಆರದಿರಲೆಂದು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಎಲೆಯ ಮೂಲಕ ಗಾಳಿ ಆಡುವುದಿಲ್ಲ. ಹೀಗಾಗಿ ಟಾರು, ನಿಕೋಟಿನ್ ಎರಡೂ ಎದೆಯೊಳಕ್ಕೆ ಚೆನ್ನಾಗಿಯೇ ಇಳಿಯುತ್ತವೆ.

ರಾಜ್ಯದ ಅಂಕಿಗಳಿಂದ ದಿಕ್ಕು ತಿಳಿಯುತ್ತದೆ, ಊರು ತಿಳಿಯುವುದಿಲ್ಲ. ನಾಲ್ಕೂ ತಾಲ್ಲೂಕುಗಳು ಮಂಡ್ಯ ಜಿಲ್ಲೆಯವೇ ಆದರೂ ಒಂದರಂತೆ ಒಂದಿಲ್ಲ. ಶ್ರೀರಂಗಪಟ್ಟಣ ಪ್ರವಾಸಿಗರ ಊರು. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಹತ್ತಿರದ ರಂಗನತಿಟ್ಟು ಎಂದು ವರ್ಷವಿಡೀ ಬಸ್ಸು ಕಾರುಗಳು ಬರುತ್ತವೆ. ಅಲ್ಲಿ ಸೇದುವವರು ಪರಸ್ಥಳದವರು, ಹೊಗೆ ಕುಡಿಯುವವರು ಹೂ ಮಾರುವ ಹೆಂಗಸರು, ಗೈಡುಗಳು, ಶಾಲಾ ಪ್ರವಾಸದ ಮಕ್ಕಳು. ಹೊರಗಿನಿಂದ ಬಂದವನ ಚಟ ಬಿಡಿಸುವುದು ಸ್ಥಳೀಯ ಸಂಘದ ಕೈಯಲ್ಲಿಲ್ಲ. ಅವನು ಸೇದುವ ಜಾಗವನ್ನು ಕಡಿಮೆ ಮಾಡಬಹುದು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ದೇಶದಲ್ಲಿ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಕರ್ನಾಟಕದ ತಿದ್ದುಪಡಿಯಿಂದ 2025ರಲ್ಲಿ ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿತು. ಹೋಟೆಲು, ಬಸ್ ನಿಲ್ದಾಣ, ದೇವಸ್ಥಾನದ ಸುತ್ತಮುತ್ತ ಫಲಕ ಹಾಕಿಸಿ, ಪುರಸಭೆ ಹಾಗೂ ಪೊಲೀಸರ ಬೆನ್ನು ಬಿಡದೆ ಕಾನೂನು ನಡೆಯುವಂತೆ ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ.

ಪಾಂಡವಪುರಕ್ಕೆ ಬಂದರೆ ಮಾತು ಬೇರೆ. ಅದು ನಾಲೆಯ ಸೀಮೆ, ಕಬ್ಬಿನ ಸೀಮೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ರಾತ್ರಿ ಹಗಲು ಬೇಯುವವರು, ಕಬ್ಬು ಕಡಿಯುವವರು, ಕಾರ್ಖಾನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಸರದಿ ಕಾಯುವವರು ಬೀಡಿ ಹಚ್ಚುವುದು ದಣಿವಿಗೆ, ನಿದ್ದೆ ತಡೆಯುವುದಕ್ಕೆ, ಹೊತ್ತು ಕಳೆಯುವುದಕ್ಕೆ. "ಒಂದು ದಮ್ಮು ಎಳೀದಿದ್ರೆ ಕೈಕಾಲೇ ಆಡಲ್ಲ ಕಣಪ್ಪಾ" ಎನ್ನುವವರ ಮುಂದೆ ಕ್ಯಾನ್ಸರಿನ ಭಾಷಣ ಮಾಡಿ ಪ್ರಯೋಜನವಿಲ್ಲ. ಅವರಿಗೆ ಬಿಡುವ ಬಗೆ ಹೇಳಿಕೊಡುವ ಒಬ್ಬ ಮನುಷ್ಯ ಬೇಕು.

ಕೃಷ್ಣರಾಜಪೇಟೆಯ ಗಡಿ ಕೆ.ಆರ್. ನಗರವನ್ನು ಮುಟ್ಟುತ್ತದೆ. ಅದರಾಚೆಗೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ನಾಡು. ತಂಬಾಕು ಮಂಡಳಿಯ ಹರಾಜು ಕಟ್ಟೆಗಳು, ಸೌದೆ ಉರಿಸಿ ಸೊಪ್ಪು ಹದಮಾಡುವ ಬ್ಯಾರನ್‌ಗಳು ಅಲ್ಲಿವೆ. ಸೊಪ್ಪು ಬೆಳೆದು ಮಗಳ ಮದುವೆ ಮಾಡಿದ, ಮಗನನ್ನು ಓದಿಸಿದ ನೆಂಟರು ಈ ಕಡೆಯವರಿಗೂ ಇದ್ದಾರೆ. ಅಂಥ ಮನೆಯಲ್ಲಿ ತಂಬಾಕನ್ನು ವಿಷ ಎಂದು ಕೂಗಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಬೆಳೆ ಬದಲಾವಣೆ ಸರ್ಕಾರದ ಮಟ್ಟದಲ್ಲಿ ಆಗಬೇಕಾದ ಕೆಲಸ. ಅದು ಸಣ್ಣ ಸಂಘದ ಕೈಮೀರಿದ್ದು. ನನ್ನ ಅಭಿಪ್ರಾಯದಲ್ಲಿ ಸಂಘ ಇದನ್ನು ಬೀಳು ಬಿಡಬೇಕು, ಬೀಳು ಬಿಟ್ಟಿದ್ದೇವೆಂದು ಯೋಜನೆಯಲ್ಲಿ ಬರೆಯಲೂ ಬೇಕು. ನಾಗಮಂಗಲ ಬಹುಮಟ್ಟಿಗೆ ಮಳೆ ನಂಬಿದ ತಾಲ್ಲೂಕು. ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಊರಿಗೆ ಬರುವ ಹುಡುಗರು ಅಲ್ಲಿ ಬಹಳ. ಸಿಗರೇಟು ಹಳ್ಳಿಗೆ ಬರುವುದು ಹೆಚ್ಚಾಗಿ ಅವರ ಜೇಬಿನಲ್ಲಿ. ಆದರೆ ಅದೇ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಿಂದ ಇದೆ. ವೈದ್ಯ ವಿದ್ಯಾರ್ಥಿಗಳು ಇಷ್ಟು ಹತ್ತಿರದಲ್ಲಿರುವುದು ಸಂಘಕ್ಕೆ ದೊಡ್ಡ ಆಸ್ತಿ.

ಇನ್ನು ಗುರಿ. "ಧೂಮಪಾನ ಮುಕ್ತ ಸಮಾಜ ನಿರ್ಮಾಣ" ಎಂದು ಬರೆದರೆ ಅದು ಹಾರೈಕೆಯಾಗುತ್ತದೆ, ಗುರಿಯಾಗುವುದಿಲ್ಲ. ಗುರಿಗೆ ಸಂಖ್ಯೆ ಬೇಕು, ಊರಿನ ಹೆಸರು ಬೇಕು, ದಿನಾಂಕ ಬೇಕು. ಉದಾಹರಣೆಗೆ, ಮೂರು ವರ್ಷದೊಳಗೆ ನಾಲ್ಕು ತಾಲ್ಲೂಕುಗಳ ಇಂತಿಷ್ಟು ಪ್ರೌಢಶಾಲೆಗಳ ಸುತ್ತ ನೂರು ಗಜದೊಳಗೆ ತಂಬಾಕು ಮಾರುವ ಅಂಗಡಿ ಒಂದೂ ಇರಬಾರದು ಎಂಬುದು ಗುರಿ. ನೂರು ಗಜವೆಂದರೆ ಸುಮಾರು 91 ಮೀಟರು. ಶಿಕ್ಷಣ ಸಂಸ್ಥೆಗಳ ಸುತ್ತ ಇಷ್ಟು ದೂರದೊಳಗೆ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಅದೇ ಕಲಮು 18 ವರ್ಷದೊಳಗಿನವರಿಗೆ ಮಾರುವುದನ್ನೂ ನಿಷೇಧಿಸಿತ್ತು. ಕರ್ನಾಟಕದಲ್ಲಿ 2025ರಲ್ಲಿ ಆ ವಯಸ್ಸು 21ಕ್ಕೆ ಏರಿತು. ಅಂದರೆ ಈ ಪುಟ ಓದುತ್ತಿರುವ ನಿಮ್ಮಲ್ಲಿ ಬಹುತೇಕರಿಗೆ ಅಂಗಡಿಯವನು ಒಂದು ಸಿಗರೇಟನ್ನೂ ಮಾರುವಂತಿಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಕಡೆ ಮಗು ಬೀಡಿಯನ್ನು ಮೊದಲು ಕೈಯಲ್ಲಿ ಹಿಡಿಯುವುದು ಸೇದುವುದಕ್ಕಲ್ಲ. "ಓಡೋಗು ಮಗ, ಒಂದ್ ಕಟ್ಟು ಬೀಡಿ ತಕ್ಕಂಬಾ" ಎಂದು ತಾತನೋ ಮಾವನೋ ಕಳಿಸುತ್ತಾರೆ. ಚಿಲ್ಲರೆ ಉಳಿದರೆ ಪೆಪ್ಪರಮೆಂಟು. ಹೀಗೆ ಐದಾರು ವರ್ಷ ತಂದುಕೊಟ್ಟ ಹುಡುಗನಿಗೆ ಅಂಗಡಿಯ ದಾರಿಯೂ ಗೊತ್ತು, ಬ್ರ್ಯಾಂಡಿನ ಹೆಸರೂ ಗೊತ್ತು. ಒಂದು ದಿನ ಕಟ್ಟಿನಿಂದ ಒಂದು ಬೀಡಿ ಕಡಿಮೆಯಾಗುತ್ತದೆ. ಮಕ್ಕಳ ಕೈಗೆ ತಂಬಾಕು ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧವೆಂದು ತಾತನಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ತಾತನನ್ನು ಜೈಲಿಗೆ ಕಳಿಸುವುದು ಯಾರಿಗೂ ಬೇಕಿಲ್ಲ. ಆದರೆ "ಮಕ್ಕಳನ್ನು ಬೀಡಿ ತರಲು ಕಳಿಸುವುದಿಲ್ಲ" ಎಂಬ ಒಂದೇ ಒಂದು ನಿರ್ಣಯವನ್ನು ಸ್ತ್ರೀಶಕ್ತಿ ಸಂಘಗಳಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಅಂಗೀಕರಿಸಿಕೊಂಡರೆ ಖರ್ಚಿಲ್ಲದ ಕೆಲಸ. ನೂರು ಪೋಸ್ಟರುಗಳಿಗಿಂತ ಇದಕ್ಕೆ ಹೆಚ್ಚು ಬೆಲೆ ಎಂದು ನಾನು ತಿಳಿದಿದ್ದೇನೆ.

ಅಂಗಡಿಯವರ ಮಾತು ಬಂತು. ಶಾಲೆಯ ಪಕ್ಕ ಪೆಟ್ಟಿಗೆ ಅಂಗಡಿ ಇಟ್ಟುಕೊಂಡವರು ಬಹುಮಟ್ಟಿಗೆ ಬಡವರು. ವಿಧವೆಯರು, ಕಾಲು ಕೈ ಊನವಾದವರು ಅವರಲ್ಲಿದ್ದಾರೆ. ಮೊದಲ ದಿನವೇ ಪೊಲೀಸರನ್ನು ಕರೆದುಕೊಂಡು ಹೋದ ಸಂಘಕ್ಕೆ ಆ ಊರಿನಲ್ಲಿ ಎರಡನೆಯ ದಿನ ಇರುವುದಿಲ್ಲ. ಮೊದಲ ಭೇಟಿಯಲ್ಲಿ ಕಾನೂನು ತಿಳಿಸಿ, ಎರಡನೆಯದರಲ್ಲಿ ಬೇರೇನು ಮಾರಬಹುದೆಂದು ಚರ್ಚಿಸಿ, ಆಮೇಲೂ ಕೇಳದಿದ್ದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೂ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಲಿಖಿತ ದೂರು ಕೊಡುವ ಕ್ರಮ ಒಳ್ಳೆಯದು. ದಂಡ ಹಾಕುವ ಅಧಿಕಾರ ಸಂಘಕ್ಕಿಲ್ಲ ಎಂಬುದನ್ನು ಉತ್ಸಾಹದ ಕಾರ್ಯಕರ್ತರು ಮರೆಯಬಾರದು.

ಸೇದುತ್ತಿರುವವರನ್ನು ಶತ್ರುಗಳೆಂದು ನೋಡುವ ಸಂಘವೂ ಬೇಗ ಸೋಲುತ್ತದೆ. 2016-17ರ ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಶೇಕಡ 55.4ರಷ್ಟು ಜನ ತಾವೇ ಬಿಡಬೇಕೆಂದು ಯೋಚಿಸುತ್ತಿದ್ದುದಾಗಿ ಹೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಕಡೆಗೇ ಇದ್ದಾರೆಂದಾಯಿತು! ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜೋರಾಗಿರುತ್ತವೆ. ಕೆಲವು ವಾರಗಳಲ್ಲಿ ಇಳಿಯುತ್ತವೆ. ಇದನ್ನು ಮುಂಚೆಯೇ ಹೇಳಿದರೆ ಮನುಷ್ಯ ಹೆದರಿ ಮತ್ತೆ ಹಚ್ಚುವುದಿಲ್ಲ. ಒಂದು ವರ್ಷ ಬಿಟ್ಟವನಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. 1800112356 ಎಂಬ ಉಚಿತ ದೂರವಾಣಿಯಲ್ಲಿ ತಂಬಾಕು ಬಿಡಲು ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ದಕ್ಷಿಣದ ಕೇಂದ್ರಗಳಲ್ಲೊಂದು. ಆಲೆಮನೆಯ ಗೋಡೆಗೆ ಭಯದ ಚಿತ್ರದ ಬದಲು ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಬಹುದು. ಒಮ್ಮೆ ಬಿಟ್ಟು ಮತ್ತೆ ಹಿಡಿದವನ ಹೆಸರನ್ನು ಸೋತವರ ಪಟ್ಟಿಗೆ ಸೇರಿಸಬೇಡಿ. ನಾಲ್ಕನೆಯ, ಐದನೆಯ ಪ್ರಯತ್ನದಲ್ಲಿ ಬಿಟ್ಟವರು ಬೇಕಾದಷ್ಟು ಜನ.

ಹಣದ ಬಗ್ಗೆ ಎರಡೇ ಮಾತು. ಲೆಕ್ಕ ವರ್ಷಾವರ್ಷ ಪರಿಶೋಧನೆಯಾಗಬೇಕು. ತಂಬಾಕು ಕಂಪೆನಿಯ ದೇಣಿಗೆ, ಅದು ಶಾಲೆಗೆ ಬೆಂಚು ಕೊಡಿಸುವ ರೂಪದಲ್ಲಿ ಬಂದರೂ, ಸಂಘಕ್ಕೆ ಬೇಡ. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯೂ ಆರೋಗ್ಯ ನೀತಿಯನ್ನು ಈ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆನ್ನುತ್ತದೆ.

ಕೊನೆಗೆ ಲೆಕ್ಕಕ್ಕೆ ಬರೋಣ. ಸಂಘಗಳ ವಾರ್ಷಿಕ ವರದಿಯಲ್ಲಿ ನಡೆಸಿದ ಸಭೆಗಳೆಷ್ಟು, ಹಂಚಿದ ಕರಪತ್ರಗಳೆಷ್ಟು ಎಂದಿರುತ್ತದೆ. ಅದು ನಮ್ಮ ಶ್ರಮದ ಲೆಕ್ಕ. ಊರಿನಲ್ಲಿ ಆದ ಬದಲಾವಣೆಯ ಲೆಕ್ಕ ಬೇರೆಯೇ ಇಡಬೇಕು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗ ಹುಡುಗಿಯರು ಇದಕ್ಕೆ ತಕ್ಕವರು. ನಿಮ್ಮ ಘಟಕದ ಮುಂದಿನ ಶಿಬಿರದಲ್ಲಿ ಒಂದು ಅಳತೆ ಟೇಪು, ಒಂದು ನೋಟ್ ಪುಸ್ತಕ ಹಿಡಿದು ಹೊರಡಿ. ಶಾಲೆಯ ಗೇಟಿನಿಂದ ಅಳೆಯಿರಿ. ಆ ದೂರದೊಳಗಿನ ಅಂಗಡಿಗಳು, ಅವುಗಳಲ್ಲಿ ತಂಬಾಕು ಮಾರುವವು, 21 ವರ್ಷದೊಳಗಿನವರಿಗೆ ಮಾರಾಟವಿಲ್ಲವೆಂಬ ಫಲಕ ಇರುವವು, ಬಿಡಿ ಸಿಗರೇಟು ಮಾರುವವು ಎಂದು ಬರೆದುಕೊಳ್ಳಿ. ಅಂಗಡಿಯವರ ಹೆಸರು ಬೇಡ, ಸಂಖ್ಯೆ ಸಾಕು. ಪುಟದ ಮೇಲೆ ತಾರೀಖು ಹಾಕಿ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ, ಇನ್ನೊಂದನ್ನು ಪಂಚಾಯಿತಿಗೆ ಕೊಡಿ. ಆರು ತಿಂಗಳು ಬಿಟ್ಟು ಅದೇ ಗೇಟಿನಿಂದ ಮತ್ತೆ ಅಳೆಯಿರಿ.