ಟ್ರ್ಯಾಕ್ಟರಿನ ಹೊಟ್ಟೆ ಕಾಯೋಣ
(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘ ನಡೆದುಬಂದ ದಾರಿಯ ಬಗ್ಗೆ ಹಿರಿಯರು ಮಾತನಾಡಿದ್ದಾರೆ. ನಾನು ರಿಪೇರಿ ಕೆಲಸದವನು. ನನಗೆ ಗೊತ್ತಿರುವ ಒಂದು ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ.

ಅಮೃತಾಪುರದ ಸುತ್ತಮುತ್ತ ಬೀಳು ಬಿದ್ದ ಹೊಲ ಹಸನು ಮಾಡಿ ಅಡಿಕೆ, ತೆಂಗು ಇಡುವವರಿದ್ದಾರೆ. ಅಂಥ ಹೊಲದಲ್ಲಿ ಲಂಟಾನ, ಜಾಲಿ, ಹಳೇ ಮರದ ಬೊಡ್ಡೆ ಇದ್ದೇ ಇರುತ್ತವೆ. ನೇಗಿಲಿಗೆ ಬೊಡ್ಡೆ ಸಿಕ್ಕರೆ ಎತ್ತು ತಾನೇ ನಿಲ್ಲುತ್ತಿತ್ತು. ಟ್ರ್ಯಾಕ್ಟರು ಹಾಗಲ್ಲ. ಬೊಡ್ಡೆ ಮೇಲೆ ಹತ್ತಿ, ಹೊಟ್ಟೆ ಒಡೆದುಕೊಂಡ ಮೇಲೆ ನಿಲ್ಲುತ್ತೆ.

ನೆಲಕ್ಕೂ ಗಾಡಿಯ ಹೊಟ್ಟೆಗೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಡಿ ಅಂತರ. ಗಾಲಿ ಗುಂಡಿಗೆ ಇಳಿದರೆ ಅದೂ ಇಲ್ಲ. ಅಲ್ಲಿರೋದು ಇಂಜಿನ್ ಆಯಿಲ್ ಚೇಂಬರು, ಡ್ರೈನ್ ಬೋಲ್ಟು, ರೇಡಿಯೇಟರಿನ ಕೆಳ ಹೋಸು, ಸ್ಟೀರಿಂಗ್ ರಾಡು. ಅನೇಕ ಟ್ರ್ಯಾಕ್ಟರುಗಳ ಚೇಂಬರು ಬೀಡಿನದು. ಬೀಡು ತಗಡಿನ ಹಾಗೆ ನೆಗ್ಗೋದಿಲ್ಲ, ಸೀಳುತ್ತೆ. ಆಯಿಲ್ ಸುರಿದುಹೋದರೆ ಸ್ವಲ್ಪ ಹೊತ್ತಿನಲ್ಲೇ ಬೇರಿಂಗು, ಕ್ರ್ಯಾಂಕು ಹಿಡಿದುಕೊಳ್ಳುತ್ತವೆ. ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತೆ, ಸಾಲದ ಕಂತು ನಿಲ್ಲೋದಿಲ್ಲ.

ಆದ್ದರಿಂದ ಮೊದಲು ಕಾಲ್ನಡಿಗೆಯಲ್ಲಿ ಹೊಲ ಸುತ್ತಿ. ಪೊದೆಯನ್ನು ಮಚ್ಚಿನಿಂದ ಸವರಿ, ಸಿಕ್ಕ ಬೊಡ್ಡೆ, ಬಂಡೆಗೆಲ್ಲ ಸುಣ್ಣ ಹಾಕಿ. ಗಿಡವನ್ನು ಓರೆಯಾಗಿ ಕಡಿಯಬೇಡಿ. ಆ ಚೂಪು ಮೋಟು ಟಯರಿಗೆ ಈಟಿ ಇದ್ದಂತೆ. ಲಂಟಾನವನ್ನು ನೆಲದ ಮೇಲೆ ಕಡಿದರೆ ಮತ್ತೆ ಚಿಗುರುತ್ತೆ. ಗುದ್ದಲಿಯಿಂದ ಮಣ್ಣಿನೊಳಗೆ ಎರಡು ಮೂರು ಅಂಗುಲ ಕೆಳಗೆ ಬೇರು ಕತ್ತರಿಸಿ. ದೊಡ್ಡ ಮರವಿದ್ದರೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಕೊಡಲಿ ಎತ್ತಿ.

ಎರಡನೆಯದು, ಹೊಟ್ಟೆಗೆ ರಕ್ಷಣೆಯ ಪ್ಲೇಟು. ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟು ಚದರಡಿಗೆ ಸುಮಾರು 4.4 ಕೆ.ಜಿ. ತೂಗುತ್ತೆ. ಎರಡಡಿ ಅಗಲ, ನಾಲ್ಕಡಿ ಉದ್ದದ್ದು 35 ಕೆ.ಜಿ. ಆಗುತ್ತೆ. ಮುಂತುದಿಯನ್ನು ಮೇಲಕ್ಕೆ ಬಗ್ಗಿಸಿ, ಆಗ ಬೊಡ್ಡೆಗೆ ಸಿಕ್ಕಿಕೊಳ್ಳದೆ ಜಾರುತ್ತೆ. ಚೇಂಬರಿಗೆ ತಾಗದಂತೆ ನಡುವೆ ಅಂತರ ಬಿಡಿ. ಡ್ರೈನ್ ಬೋಲ್ಟಿನ ನೇರಕ್ಕೆ ತೂತು ಇಡಿ. ಮುಂದಿನ ಆಕ್ಸಲ್ ಆಡುವ ಜಾಗಕ್ಕೆ ಅಡ್ಡ ಬರಬಾರದು. ಯಾವ ಕಾರಣಕ್ಕೂ ಚೇಂಬರಿಗೆ ವೆಲ್ಡಿಂಗ್ ಮಾಡಿಸಬೇಡಿ. ಕಾವಿಗೆ ಬೀಡು ಬಿರುಕು ಬಿಡುತ್ತೆ. ಆಂಗಲ್ ಪಟ್ಟಿ ಇಟ್ಟು, ಗಾಡಿಯಲ್ಲಿ ಇರುವ ತೂತುಗಳಿಗೇ ಬೋಲ್ಟ್ ಹಾಕಿ. ಪ್ಲೇಟಿನ ಮೇಲೆ ತರಗೆಲೆ ಕೂತು ಆಯಿಲ್ ಜಿನುಗಿದರೆ ಬೆಂಕಿಗೆ ದಾರಿ. ದಿನದ ಕೆಲಸ ಮುಗಿದ ಮೇಲೆ ಕಸ ತೆಗೆಯಿರಿ. ರೇಡಿಯೇಟರಿನ ಮುಂದೆ ಜಾಲರಿ ಹಾಕಿಸಿ, ಅದನ್ನೂ ಆಗಾಗ ಕೊಡವಿ.

ಹೊಟ್ಟೆಗೆ ಪ್ಲೇಟು ಇದೆ ಅಂತ ಬೊಡ್ಡೆ ಮೇಲೆ ಹತ್ತಿಸೋದಲ್ಲ. ಪ್ಲೇಟು ಇರೋದು ಕಣ್ಣು ತಪ್ಪಿದ್ದಕ್ಕೆ. ಕಡಿಮೆ ಗೇರಿನಲ್ಲಿ ನಿಧಾನ ಹೋಗಿ. ‘ಟಕ್’ ಅಂದರೆ ಇಂಜಿನ್ ನಿಲ್ಲಿಸಿ, ಇಳಿದು ನೋಡಿ. ಆಯಿಲ್ ದೀಪ ಹತ್ತಿದರೆ ಗದ್ದೆ ಬದುವಿನವರೆಗೂ ಓಡಿಸಬೇಡಿ.

ಇನ್ನೊಂದು ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ಬೊಡ್ಡೆ ಎಳೆಯುವಾಗ ಸರಪಣಿಯನ್ನು ಟಾಪ್ ಲಿಂಕಿಗಾಗಲಿ ಹಿಂದಿನ ಆಕ್ಸಲ್ಲಿಗಾಗಲಿ ಕಟ್ಟಬೇಡಿ. ಬೊಡ್ಡೆ ಕದಲದಿದ್ದರೆ ಮುಂದಿನ ಗಾಲಿ ಎದ್ದು, ರೆಪ್ಪೆ ಬಡಿಯುವಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚುತ್ತೆ. ಕೆಳಗಿನ ಡ್ರಾಬಾರಿಗೇ ಕಟ್ಟಿ. ಸುತ್ತ ಅಗೆದು ಬೇರು ಕಡಿದ ಮೇಲೆ ಎಳೆಯಿರಿ. ಸರಪಣಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ದೊಡ್ಡ ಬೊಡ್ಡೆಗೆ ಜೆಸಿಬಿ ಕರೆಸೋದೇ ಅಗ್ಗ.

ನಮ್ಮದು 1196ರಲ್ಲಿ ಅಮೃತೇಶ್ವರ ದೇವಾಲಯ ಎದ್ದ ಊರು. ಪೊದೆಯಲ್ಲಿ ಕೆತ್ತನೆ ಕಲ್ಲು, ವೀರಗಲ್ಲು ಕಂಡರೆ ಸರಪಣಿ ಹಾಕದೆ ಪುರಾತತ್ವ ಇಲಾಖೆಗೆ ತಿಳಿಸಿ.

ಕೊನೆಗೆ ನಿರ್ದೇಶಕರಲ್ಲಿ ಒಂದು ಅರಿಕೆ. ಪ್ಲೇಟು, ಜಾಲರಿ, ಒಳ್ಳೆ ಸರಪಣಿ ಒಬ್ಬೊಬ್ಬರೇ ಕೊಳ್ಳೋದು ಕಷ್ಟ. ಸಂಘವೇ ಒಂದೆರಡು ಜೊತೆ ಮಾಡಿಸಿಟ್ಟು ಸದಸ್ಯರಿಗೆ ಬಾಡಿಗೆಗೆ ಕೊಡಲಿ. ಗೊಬ್ಬರ, ಬೀಜ, ಸಾಲದಲ್ಲಿ 25 ವರ್ಷ ಕೈ ಹಿಡಿದ ಸಂಘಕ್ಕೆ ಇದು ದೊಡ್ಡ ಕೆಲಸವಲ್ಲ.